ಒಂದು ಗೆರೆ ಅಳಿಸಿದರೆ ಇಡೀ ಡ್ರಾಯಿಂಗ್ ಮತ್ತೆ ಬರಬೇಕಿತ್ತಂತೆ, ನಿಜವಾ?

ಹೊಸ ಡಿಸೈನರ್
ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಮೆಕ್ಯಾನಿಕಲ್ ಡಿಸೈನ್ ಕೆಲಸದಲ್ಲಿದ್ದೇನೆ. ಮೊನ್ನೆ ಹಬ್ಬಕ್ಕೆ ಊರಿಗೆ ಹೋದಾಗ ಸೋದರಮಾವ ನನ್ನ ಲ್ಯಾಪ್‌ಟಾಪ್ ನೋಡುತ್ತಾ ಪಕ್ಕದಲ್ಲಿ ಕುಳಿತರು. 1980ರ ದಶಕದಲ್ಲಿ ಅವರು ಇಲ್ಲಿಯ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿದ್ದವರು. ನಾನು ಒಂದು ಗೆರೆ ಆರಿಸಿ ಡಿಲೀಟ್ ಒತ್ತಿದೆ. "ಅಷ್ಟೇನಾ?" ಅಂದರು.

ಅವರ ಕಾಲದ, ದೊಡ್ಡ ಕಂಪ್ಯೂಟರಿಗೆ ಜೋಡಿಸಿದ ಪರದೆ-ಕೀಬೋರ್ಡ್, ಅಂದರೆ ಟರ್ಮಿನಲ್‌ನಲ್ಲಿ ಒಂದು ಗೆರೆ ತೆಗೆಯಬೇಕಾದರೆ ಪರದೆ ಪೂರ್ತಿ ಹಸಿರಾಗಿ ಮಿಂಚಿ ಖಾಲಿಯಾಗುತ್ತಿತ್ತಂತೆ. ಆಮೇಲೆ ಇಡೀ ಚಿತ್ರ ಮೊದಲಿನಿಂದ, ಒಂದೊಂದೇ ಗೆರೆಯಾಗಿ ಬರುತ್ತಿತ್ತಂತೆ. ಅಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು ಅಂತಾರೆ. ಕಂಪ್ಯೂಟರ್ ಇದ್ದ ಮೇಲೂ ಒಂದೇ ಒಂದು ಗೆರೆ ಯಾಕೆ ಅಳಿಸಲಾಗಲಿಲ್ಲ? ಆ ಮಷೀನಿನ ಹೆಸರು ಮಾವನಿಗೆ ಮರೆತಿದೆ. "ದೊಡ್ಡ ಗಾಜು, ಕೀಬೋರ್ಡ್ ಪಕ್ಕ ಎರಡು ಚಕ್ರ" ಅಷ್ಟೇ ನೆನಪು. ಗೊತ್ತಿದ್ದವರು ತಿಳಿಸಿ.

ಟರ್ಮಿನಲ್ ಪ್ರೇಮಿ
ಎರಡು ಚಕ್ರ ಅಂದರೆ ಟೆಕ್ಟ್ರಾನಿಕ್ಸ್ ಕಂಪನಿಯ ಟರ್ಮಿನಲ್. ಒಂದು ಚಕ್ರ ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ, ಪರದೆ ಮೇಲಿನ ಪ್ಲಸ್ ಗುರುತನ್ನು ಸರಿಸಲು. ಮಾಡೆಲ್ 4010 ಇರಬೇಕು, ಇಲ್ಲ 4014. ದೊಡ್ಡ ಗಾಜು ಅಂದಿದ್ದಾರಲ್ಲ, ಹಾಗಾದರೆ 4014. ಅದರ ಪರದೆ 19 ಇಂಚು. 4010ರದ್ದು 11 ಇಂಚು ಅಷ್ಟೇ.

ಮಲೆನಾಡ ಮಳೆ
ನಿಮ್ಮ ಮಾವ ಹೇಳಿದ್ದು ಪೂರ್ತಿ ಸರಿ ಅಲ್ಲ ಅನಿಸುತ್ತೆ. ಅವೆಲ್ಲ ವೆಕ್ಟರ್ ಡಿಸ್‌ಪ್ಲೇಗಳು. ವೆಕ್ಟರ್ ಡಿಸ್‌ಪ್ಲೇಯಲ್ಲಿ ಗೆರೆಗಳ ಪಟ್ಟಿ ಮೆಮೊರಿಯಲ್ಲಿರುತ್ತದೆ. ಪರದೆಯೊಳಗಿನ ಎಲೆಕ್ಟ್ರಾನ್ ಕಿರಣ ಆ ಪಟ್ಟಿ ಓದಿಕೊಂಡು ಸೆಕೆಂಡಿಗೆ 30-40 ಸಲ ಅದೇ ಚಿತ್ರವನ್ನು ಮತ್ತೆ ಮತ್ತೆ ಬರೆಯುತ್ತದೆ. ಪಟ್ಟಿಯಿಂದ ಒಂದು ಗೆರೆ ತೆಗೆದರೆ ಮುಂದಿನ ಸುತ್ತಿಗೆ ಅದು ಮಾಯ. ಪರದೆ ಖಾಲಿ ಮಾಡುವ ಪ್ರಶ್ನೆಯೇ ಇಲ್ಲ.

ಕರೆಂಟ್ ಮೇಷ್ಟ್ರು
ಮಳೆಯವರೇ, ನೀವು ಹೇಳುತ್ತಿರುವುದು ಒಂದು ಜಾತಿ. ಮಾವ ಬಳಸಿದ್ದು ಇನ್ನೊಂದು ಜಾತಿ. ಎರಡೂ ಗೆರೆಯನ್ನು ಗೆರೆಯಾಗಿಯೇ ಎಳೆಯುತ್ತವೆ, ಟಿವಿಯ ಹಾಗೆ ಸಾಲು ಸಾಲಾಗಿ ಅಲ್ಲ. ಅಲ್ಲಿಗೆ ಹೋಲಿಕೆ ಮುಗಿಯಿತು.

ಮೊದಲನೆಯದು ನೀವು ಹೇಳಿದ ರಿಫ್ರೆಶ್ ಡಿಸ್‌ಪ್ಲೇ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀರಲ್ಲಿ ಬೆರಳಾಡಿಸಿ ಬರೆದ ಹಾಗೆ. ಆರುವ ಮುಂಚೆ ಮತ್ತೆ ಬರೆಯುತ್ತಲೇ ಇರಬೇಕು. ಎರಡನೆಯದು ಸ್ಟೋರೇಜ್ ಟ್ಯೂಬ್. ಇದರಲ್ಲಿ ಒಂದೇ ಸಲ ಬರೆದರೆ ಸಾಕು, ಚಿತ್ರ ಗಾಜಿನ ಮೇಲೆ ಹಾಗೇ ನಿಲ್ಲುತ್ತದೆ.

ಒಳಗೆ ಎರಡು ತರಹದ ಎಲೆಕ್ಟ್ರಾನ್ ಗನ್ ಇರುತ್ತವೆ. ಬರೆಯುವ ಗನ್‌ನ ಕಿರಣ ಸಣ್ಣದು, ಹೊಡೆತ ಜೋರು. ಫ್ಲಡ್ ಗನ್‌ಗಳು ಇಡೀ ಪರದೆಗೆ ನಿಧಾನವಾದ ಎಲೆಕ್ಟ್ರಾನ್‌ಗಳನ್ನು ಸದಾ ಚಿಮುಕಿಸುತ್ತಿರುತ್ತವೆ. ಬರೆಯುವ ಕಿರಣ ಬಡಿದ ಕಡೆ, ಬಂದದ್ದಕ್ಕಿಂತ ಜಾಸ್ತಿ ಎಲೆಕ್ಟ್ರಾನ್‌ಗಳು ಗಾಜಿನ ಒಳಮೈಗೆ ಬಳಿದ, ಬೆಳಕು ಕೊಡುವ ಫಾಸ್ಫರ್‌ನಿಂದ ಹೊರಕ್ಕೆ ಸಿಡಿಯುತ್ತವೆ. ಆ ಜಾಗ ಪಾಸಿಟಿವ್ ಆಗುತ್ತದೆ. ಪಾಸಿಟಿವ್ ಆದ ಜಾಗ ಫ್ಲಡ್ ಎಲೆಕ್ಟ್ರಾನ್‌ಗಳನ್ನು ಜೋರಾಗಿ ಎಳೆದುಕೊಳ್ಳುತ್ತದೆ. ಅವು ಬಡಿದು ಬೆಳಕು ಬರುತ್ತದೆ, ಮತ್ತೆ ಎಲೆಕ್ಟ್ರಾನ್ ಸಿಡಿಯುತ್ತದೆ, ಜಾಗ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಬರೆಯದ ಜಾಗ ನೆಗೆಟಿವ್. ಅದು ಎಲೆಕ್ಟ್ರಾನ್‌ಗಳನ್ನು ಹತ್ತಿರಕ್ಕೇ ಬಿಡುವುದಿಲ್ಲ, ಕತ್ತಲಾಗಿಯೇ ಇರುತ್ತದೆ. ಟೆಕ್ಟ್ರಾನಿಕ್ಸ್‌ನ ರಾಬರ್ಟ್ ಆಂಡರ್ಸನ್ ಮಾಡಿದ ಕೆಲಸ ಇದು. ಮೊದಲು ವಿದ್ಯುತ್ ಅಲೆಗಳನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪ್‌ಗೆ ಬಂತು, ಆಮೇಲೆ ಟರ್ಮಿನಲ್‌ಗೆ.

ಈಗ ಅಳಿಸುವ ವಿಷಯ. ಫಾಸ್ಫರ್‌ಗೆ ಅಂಟಿಕೊಂಡ ವಾಹಕ ಪದರ ಇಡೀ ಪರದೆಗೆ ಒಂದೇ. ಅದರ ವೋಲ್ಟೇಜ್ ಏರಿಸಿದರೆ ಪರದೆಯ ಪ್ರತಿ ಚುಕ್ಕೆಯೂ "ಬರೆದ" ಸ್ಥಿತಿಗೆ ಹೋಗುತ್ತದೆ. ಮಾವ ನೋಡಿದ ಹಸಿರು ಮಿಂಚು ಅದೇ. ಆಮೇಲೆ ಇಳಿಸಿದರೆ ಎಲ್ಲವೂ ಒಟ್ಟಿಗೆ ಕತ್ತಲಾಗುತ್ತದೆ. ರಂಗೋಲಿ ಮೇಲೆ ಬಿಂದಿಗೆ ನೀರು ಸುರಿದ ಹಾಗೆ, ಒಂದು ಎಳೆಯನ್ನಷ್ಟೇ ಬಿಡಿಸಿ ತೆಗೆಯಲು ದಾರಿ ಇಲ್ಲ. ಟೆಕ್ಟ್ರಾನಿಕ್ಸ್‌ನದೇ 564 ಆಸಿಲೋಸ್ಕೋಪ್‌ನಲ್ಲಿ ಮೇಲರ್ಧ, ಕೆಳಗರ್ಧ ಬೇರೆ ಬೇರೆ ಅಳಿಸಬಹುದಿತ್ತು. ಆ ಪದರವನ್ನೇ ಎರಡು ತುಂಡು ಮಾಡಿದ್ದರು ಅಂತ.

ಮಲೆನಾಡ ಮಳೆ
ತಪ್ಪು ಒಪ್ಪಿಕೊಂಡೆ ಸರ್. ಎರಡೂ ಒಂದೇ ಅಂತ ಇಷ್ಟು ದಿನ ಅಂದುಕೊಂಡಿದ್ದೆ.

ಶಿರಸಿ ಹುಡುಗಿ
ಹಾಗಿದ್ದರೆ ರಿಫ್ರೆಶ್ ಜಾತಿಯೇ ಒಳ್ಳೇದಲ್ವಾ? ಗೆರೆ ಅಳಿಸಬಹುದು, ಸರಿಸಬಹುದು. ಗಾಜಿಗೆ ಅಂಟಿಕೊಳ್ಳುವುದನ್ನು ಯಾಕೆ ಕೊಂಡರು ಜನ?

ಬಿಟ್ಟು ಬೈಟು
ದುಡ್ಡು. ಬೇರೆ ಕಾರಣ ಹುಡುಕಬೇಡಿ.

1964ರಲ್ಲಿ ಐಬಿಎಂ 2250 ಅನ್ನುವ ರಿಫ್ರೆಶ್ ಡಿಸ್‌ಪ್ಲೇ ಬಂದಾಗ ಅದನ್ನು ಇಟ್ಟುಕೊಳ್ಳಲು ದೊಡ್ಡ ಕಾರು ಕಂಪನಿ, ವಿಮಾನ ಕಂಪನಿಗಳಿಗೆ ಮಾತ್ರ ಸಾಧ್ಯವಿತ್ತು. ಹಿಂದೆ ಸಿಸ್ಟಂ/360 ಅನ್ನುವ ದೊಡ್ಡ ಕಂಪ್ಯೂಟರ್ ಬೇಕು, ಪಟ್ಟಿ ಇಡಲು ಬಫರ್ ಮೆಮೊರಿ ಬೇಕು, ವೇಗವಾಗಿ ಕಿರಣ ತಿರುಗಿಸುವ ಅನಲಾಗ್ ಸರ್ಕ್ಯೂಟ್ ಬೇಕು. 1972ರಲ್ಲಿ ಟೆಕ್ಟ್ರಾನಿಕ್ಸ್ 4010 ಸುಮಾರು 4,000 ಡಾಲರಿಗೆ ಬಂತು. ಮಾಮೂಲಿ ಸೀರಿಯಲ್ ಕೇಬಲ್‌ನಲ್ಲಿ, ಬೇಕಾದರೆ ಫೋನ್ ಲೈನಿನಲ್ಲಿ ಮೋಡೆಮ್ ಇಟ್ಟು, ಯಾವ ಕಂಪ್ಯೂಟರಿಗೆ ಬೇಕಾದರೂ ಜೋಡಿಸಬಹುದು. ಎರಡರ ನಡುವಿನ ದೂರ ನೀವೇ ನೋಡಿ.

ಇವತ್ತಿನ ಹಾಗೆ ಚುಕ್ಕೆ ಚುಕ್ಕೆ ಮೆಮೊರಿಯಲ್ಲಿ ಇಟ್ಟುಕೊಳ್ಳುವುದಂತೂ ಆಗ ದೂರದ ಮಾತು. ಲೆಕ್ಕ ಹಾಕಿ. 4010ರಲ್ಲಿ ಕಾಣುವ ಚುಕ್ಕೆಗಳು 1024 ಅಡ್ಡ, 780 ಉದ್ದ. ಚುಕ್ಕೆಗೆ ಒಂದೇ ಬಿಟ್ ಅಂದರೂ ಹತ್ತಿರ ಹತ್ತಿರ 8 ಲಕ್ಷ ಬಿಟ್. ಆಗಿನ ಹೆಸರಾಂತ ಚಿಪ್ಪು ಇಂಟೆಲ್ 1103ರಲ್ಲಿ 1024 ಬಿಟ್. ಅಂದರೆ ಒಂದು ಪರದೆಗೆ ಸರಿಯಾಗಿ 780 ಚಿಪ್ಪು! 16 ಕಿಲೋಬಿಟ್ ಚಿಪ್ಪು ಬಂದ ಮೇಲೆ 49 ಸಾಕಾಯಿತು. 64 ಕಿಲೋಬಿಟ್ ಬಂದಾಗ 13. ಹೀಗೆ ಚುಕ್ಕೆಗಳನ್ನು ಮೆಮೊರಿಯಲ್ಲಿ ಇಡುವ ರಾಸ್ಟರ್ ಟರ್ಮಿನಲ್ ಗೆದ್ದ ಕಥೆ ಪೂರ್ತಿ ಆ ಮೂರು ಸಂಖ್ಯೆಯಲ್ಲಿದೆ.

ಟರ್ಮಿನಲ್ ಪ್ರೇಮಿ
780ರ ಲೆಕ್ಕ ಚೆನ್ನಾಗಿದೆ. 4014ರಲ್ಲಿ 4096 x 3120 ಜಾಗ ಗುರುತಿಸಬಹುದಿತ್ತು. ಅದಕ್ಕೆ ಚಿಪ್ಪು ಹಾಕಿ ನೋಡಿ, 12,480 ಬೇಕು. ಗಾಜು ಆ ಎಲ್ಲ ಚಿಪ್ಪಿನ ಕೆಲಸವನ್ನು ತಾನೊಂದೇ ಮಾಡುತ್ತಿತ್ತು.

ಕರೆಂಟ್ ಮೇಷ್ಟ್ರು
ಗುರುತಿಸಬಹುದಿತ್ತು ಅನ್ನೋದೇ ಬೇರೆ, ಕಣ್ಣಿಗೆ ಬಿಡಿಬಿಡಿಯಾಗಿ ಕಾಣುತ್ತಿತ್ತು ಅನ್ನೋದೇ ಬೇರೆ. ಕಿರಣದ ದಪ್ಪ ಅಷ್ಟು ಸಣ್ಣ ಇರಲಿಲ್ಲ. ಆದರೂ ಓರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣದೆ ನುಣುಪಾಗಿ ಬರುತ್ತಿತ್ತು, ಅದು ನಿಜ.

ಮಿಚಿಗನ್ ಕನ್ನಡಿಗ
ನಾನು 2250 ಮುಂದೆ ಕೂತವನು. 1970ರ ದಶಕದ ಕೊನೆಯಲ್ಲಿ ಮೈಸೂರಿನಿಂದ ಇಲ್ಲಿಗೆ ಓದಲು ಬಂದು, ಮುಗಿದ ಮೇಲೆ ಒಂದು ಕಾರು ಬಿಡಿಭಾಗಗಳ ಕಂಪನಿಗೆ ಸೇರಿದೆ. ಅಲ್ಲಿ ಆಗಲೇ ಹಳೆಯದಾಗಿದ್ದ 2250 ಎರಡಿದ್ದವು. ಚಿತ್ರದ ಜಾಗ 12 ಇಂಚು ಚೌಕ. ಎಡಗೈಗೆ 32 ಗುಂಡಿಯ ಬೇರೆ ಕೀಬೋರ್ಡ್. ಪ್ರೋಗ್ರಾಂ ಬದಲಾದರೆ ಆ ಗುಂಡಿಗಳ ಮೇಲೆ ಹೆಸರು ಬರೆದ ಪ್ಲಾಸ್ಟಿಕ್ ಹಾಳೆ ಬದಲಿಸುತ್ತಿದ್ದೆವು. ಬಲಗೈಯಲ್ಲಿ ಲೈಟ್ ಪೆನ್.

ಲೈಟ್ ಪೆನ್ನಿನಲ್ಲಿ ಗೆರೆ ಮುಟ್ಟಿದರೆ ಅದೇ ಗೆರೆ ಸಿಗುತ್ತಿತ್ತು. ಮೊದಲ ದಿನ ನನಗೆ ರೋಮಾಂಚನವಾಯಿತು. ಪೆನ್ನು ಬರೆಯುವುದಿಲ್ಲ, ನೋಡುತ್ತದೆ. ಕಿರಣ ಪೆನ್ನಿನ ಮುಂದೆ ಹಾದ ಕ್ಷಣಕ್ಕೆ ಅದು ಸಂಕೇತ ಕಳಿಸುತ್ತದೆ. ಆ ಕ್ಷಣದಲ್ಲಿ ಪಟ್ಟಿಯ ಯಾವ ಸಾಲು ಬರೆಯಲಾಗುತ್ತಿತ್ತು ಅಂತ ಮಷೀನಿಗೆ ಗೊತ್ತು. ಹುಡುಕಾಟವೇ ಬೇಡ.

ಆದರೆ ಇಡೀ ದಿನ ಕೈ ಎತ್ತಿ ಹಿಡಿದು ಕೆಲಸ ಮಾಡಿ ಭುಜ ಸೋತುಹೋಗುತ್ತಿತ್ತು. ಡ್ರಾಯಿಂಗ್ ದೊಡ್ಡದಾದಂತೆ ಪರದೆ ಮಿಣುಕುವುದು ಜಾಸ್ತಿ. ಒಂದು ಸುತ್ತಿಗೆ ಸಮಯ ಸಾಲದೆ ಸೆಕೆಂಡಿಗೆ 40 ಸಲದಿಂದ ಕೆಳಗಿಳಿಯುತ್ತಿತ್ತು. ಸಂಜೆ ತಲೆನೋವು. ಆದ್ದರಿಂದ ಬೇಡದ ವಿವರ ಮುಚ್ಚಿ, ಬೇಕಾದ ಭಾಗ ಮಾತ್ರ ತೆರೆಯುವುದು ನಮಗೆ ಅಭ್ಯಾಸವಾಯಿತು.

ಹಳೇ ಡ್ರಾಫ್ಟರ್
ಲೈಟ್ ಪೆನ್ ನಮ್ಮ ಆಫೀಸಿನಲ್ಲೂ ಇತ್ತು ಅಂತ ನೆನಪು. 4014 ಜೊತೆಗೇ ಬಂದಿತ್ತು.

ಕರೆಂಟ್ ಮೇಷ್ಟ್ರು
ಸರ್, 4014ರ ಸ್ಟೋರ್ ಆದ ಚಿತ್ರಕ್ಕೆ ಲೈಟ್ ಪೆನ್ ಕೆಲಸ ಮಾಡಲು ಸಾಧ್ಯವಿಲ್ಲ. ಮಿಚಿಗನ್ ಅವರು ಹೇಳಿದ್ದನ್ನೇ ನೋಡಿ. ಪೆನ್ನು ಕಾಯುವುದು ಕಿರಣ ಹಾದುಹೋಗುವ ಕ್ಷಣಕ್ಕೆ. ಸ್ಟೋರೇಜ್ ಟ್ಯೂಬ್‌ನಲ್ಲಿ ಕಿರಣ ಒಮ್ಮೆ ಬರೆದು ಹೋಗಿಬಿಟ್ಟಿತು. ಆಮೇಲೆ ಗೆರೆ ಸುಮ್ನೆ ಬೆಳಗುತ್ತಾ ಇರುತ್ತದೆ. ನಿಮ್ಮಲ್ಲಿ ಇದ್ದದ್ದು ಟ್ಯಾಬ್ಲೆಟ್ ಮೇಲೆ ಓಡಿಸುವ ಪೆನ್ ಇರಬಹುದು.

ಹಳೇ ಡ್ರಾಫ್ಟರ್
ಹೌದು ಮೇಷ್ಟ್ರೇ, ಸರಿ. ಮೇಜಿನ ಮೇಲೆ ಒಂದು ಬಿಳಿ ಹಲಗೆ, ಅದಕ್ಕೆ ದಾರ ಕಟ್ಟಿದ ಹಾಗೆ ತಂತಿ ಇರುವ ಪೆನ್. ನಲವತ್ತು ವರ್ಷದ ಮೇಲೆ ಎರಡೂ ಕಲಸಿಹೋಗಿದ್ದವು.

ಹೊಸ ಡಿಸೈನರ್ ಅವರೇ, ನಿಮ್ಮ ಮಾವನ ಮಾತು ಅಕ್ಷರಕ್ಕಕ್ಷರ ನಿಜ. ನಾನು ಡ್ರಾಯಿಂಗ್ ಬೋರ್ಡಿನಿಂದ ಆ ಟರ್ಮಿನಲ್‌ಗೆ ಹೋದವನು. ಬೋರ್ಡಿನಲ್ಲಿ ಟ್ರೇಸಿಂಗ್ ಪೇಪರ್ ಮೇಲೆ ಇಂಕಿನಲ್ಲಿ ತಪ್ಪಾದರೆ ಬ್ಲೇಡಿನಿಂದ ಮೆಲ್ಲಗೆ ಕೆರೆಯುತ್ತಿದ್ದೆವು. ಜಾಸ್ತಿ ಕೆರೆದರೆ ಪೇಪರ್ ತೂತು. ಆದರೂ ಒಂದು ಗೆರೆ ಅಂದರೆ ಒಂದೇ ಗೆರೆ ಹೋಗುತ್ತಿತ್ತು! ಟರ್ಮಿನಲ್‌ಗೆ ಬಂದ ಮೇಲೆ ಆ ಅನುಕೂಲ ಹೋಯಿತು. ಡಿಲೀಟ್ ಕೊಟ್ಟ ಗೆರೆ ಡೇಟಾದಿಂದ ಹೋಗುತ್ತಿತ್ತು, ಗಾಜಿನ ಮೇಲೆ ಉಳಿಯುತ್ತಿತ್ತು. ನಮ್ಮ ಪ್ರೋಗ್ರಾಂ ಅದರ ಮೇಲೆ ಒಂದು ಸಣ್ಣ ಕತ್ತರಿ ಗುರುತು ಹಾಕುತ್ತಿತ್ತು. ಹತ್ತು ಹದಿನೈದು ಗುರುತು ಸೇರಿ, ಯಾವುದು ಇದೆ ಯಾವುದು ಇಲ್ಲ ಅಂತ ತಲೆ ಕೆಟ್ಟಾಗ ರೀಪೇಂಟ್ ಕೊಟ್ಟು ಇಡೀ ಚಿತ್ರ ಮತ್ತೆ ಬರೆಸುತ್ತಿದ್ದೆವು.

ಕೋಣೆಗೆ ದಪ್ಪ ಪರದೆ ಹಾಕಿ ಕತ್ತಲು ಮಾಡಿದ್ದರು. ಗೆರೆ ಮಂದ, ಹಿನ್ನೆಲೆಯೂ ಸ್ವಲ್ಪ ಹಸಿರು. ಬೆಳಕಿದ್ದರೆ ಏನೂ ಕಾಣುತ್ತಿರಲಿಲ್ಲ. ಮೇ ತಿಂಗಳಲ್ಲಿ ಬೇರೆಯವರೆಲ್ಲ ಬೆವರು ಒರೆಸಿಕೊಂಡಿರುತ್ತಿದ್ದರು, ನಾವು ಏಸಿ ಕೋಣೆಯಲ್ಲಿ. ಅದಕ್ಕೆ ಡ್ರಾಯಿಂಗ್ ನಕಲು ತೆಗೆಯುವ ಅಮೋನಿಯಾ ಪ್ರಿಂಟ್ ಸೆಕ್ಷನ್‌ನವರಿಗೆ ನಮ್ಮ ಮೇಲೆ ಸಿಟ್ಟಿತ್ತು. ಅವರ ಕಣ್ಣು, ಮೂಗು ದಿನವಿಡೀ ಉರಿಯುತ್ತಿದ್ದವು. ಆ ಸಿಟ್ಟು ನ್ಯಾಯವಾದದ್ದೇ.

ಶಿರಸಿ ಹುಡುಗಿ
ಒಂದು ಅನುಮಾನ. ಬರೆದದ್ದೆಲ್ಲ ಗಾಜಿಗೆ ಅಂಟಿದರೆ, ಆ ಪ್ಲಸ್ ಗುರುತನ್ನು ಚಕ್ರದಲ್ಲಿ ಸರಿಸಿದಾಗ ಅದು ಹೋದ ದಾರಿಯೆಲ್ಲ ಗೀಚು ಬೀಳಬೇಕಿತ್ತಲ್ವಾ?

ಟರ್ಮಿನಲ್ ಪ್ರೇಮಿ
ಒಳ್ಳೆ ಪ್ರಶ್ನೆ. ಅದನ್ನು ಮಾತ್ರ ಮಂದ ಕಿರಣದಲ್ಲಿ, ರಿಫ್ರೆಶ್ ಮಾಡಿ ತೋರಿಸುತ್ತಿದ್ದರು. ಕಣ್ಣಿಗೆ ಕಾಣುವಷ್ಟು ಶಕ್ತಿ ಇದೆ, ಫಾಸ್ಫರ್ ಹಿಡಿದಿಟ್ಟುಕೊಳ್ಳುವಷ್ಟು ಇಲ್ಲ. ಎಷ್ಟು ಚಂದದ ಉಪಾಯ ನೋಡಿ.

ಆದರೆ ಪ್ಲಸ್ ಗುರುತಿನಿಂದ ಸಿಗುವುದು ಜಾಗದ ಅಂಕಿ ಮಾತ್ರ. ಆ ಜಾಗಕ್ಕೆ ಹತ್ತಿರದ ಗೆರೆ ಯಾವುದು ಅಂತ ಕಂಪ್ಯೂಟರ್ ಲೆಕ್ಕ ಹಾಕಬೇಕು. 2250ರಲ್ಲಿ ಹಾರ್ಡ್‌ವೇರ್ ಪುಕ್ಕಟೆ ಕೊಟ್ಟದ್ದನ್ನು ಇಲ್ಲಿ ಸಾಫ್ಟ್‌ವೇರ್ ದುಡಿದು ಸಂಪಾದಿಸಬೇಕಿತ್ತು.

ಹೊಸ ಡಿಸೈನರ್
ಎಲ್ಲರಿಗೂ ತುಂಬಾ ಧನ್ಯವಾದ. ಮಾವನಿಗೆ ಓದಿ ಹೇಳಿದೆ. ಕತ್ತರಿ ಗುರುತು ಅಂದ ಕೂಡಲೇ ಅವರ ಮುಖ ಅರಳಿತು. ಇನ್ನೊಂದು ಪ್ರಶ್ನೆ. ಕಾಫಿ ಕುಡಿದು ಬರುವಷ್ಟು ಹೊತ್ತು ನಿಜವಾಗಿಯೂ ಬೇಕಿತ್ತಾ?

ಟರ್ಮಿನಲ್ ಪ್ರೇಮಿ
ಲೆಕ್ಕ ಮಾಡೋಣ. 4010ಕ್ಕೆ ಒಂದು ಬಿಂದು ಹೇಳಲು 4 ಅಕ್ಷರ. ಅಡ್ಡ 10 ಬಿಟ್, ಉದ್ದ 10 ಬಿಟ್, ಒಂದೊಂದನ್ನೂ ಐದೈದಾಗಿ ಒಡೆದು ಮಾಮೂಲಿ ಆಸ್ಕಿ ಅಕ್ಷರಗಳಾಗಿ ಕಳಿಸುವುದು. 1200 ಬಾಡ್ ಲೈನಿನಲ್ಲಿ ಸೆಕೆಂಡಿಗೆ 120 ಅಕ್ಷರ. ಅಂದರೆ 30 ಗೆರೆ. 3,000 ಗೆರೆಯ ಡ್ರಾಯಿಂಗ್‌ಗೆ 100 ಸೆಕೆಂಡ್. 9600 ಬಾಡ್ ಇದ್ದರೆ 12-13 ಸೆಕೆಂಡ್.

ಬಿಟ್ಟು ಬೈಟು
ಇದು ಅರ್ಧ ಲೆಕ್ಕ. ಬದಲಾಗದ ಅಕ್ಷರ ಕಳಿಸಬೇಕಾಗಿಲ್ಲ, ಹಾಗಾಗಿ ಸಣ್ಣ ಗೆರೆಗೆ ನಾಲ್ಕಕ್ಕಿಂತ ಕಡಿಮೆ ಸಾಕು. ಆದರೆ ಒಂದಕ್ಕೊಂದು ಅಂಟಿಕೊಳ್ಳದ ಗೆರೆಗೆ ಮೊದಲು ಪೆನ್ನು ಎತ್ತುವ ಸಂಕೇತ, ಆಮೇಲೆ ಎರಡು ಬಿಂದು. ಅಂದರೆ 9 ಅಕ್ಷರ. ಡ್ರಾಯಿಂಗ್‌ನಲ್ಲಿ ಅಳತೆ ಗೆರೆ, ಬಾಣ, ಹ್ಯಾಚಿಂಗ್ (ಕೊಯ್ದ ಭಾಗ ತೋರಿಸಲು ತುಂಬುವ ಓರೆ ಗೆರೆಗಳು) ಎಲ್ಲ ಬಿಡಿ ಗೆರೆಗಳೇ. ಹ್ಯಾಚಿಂಗ್ ಇದ್ದರೆ ಕಾಫಿ ಮಾತ್ರ ಅಲ್ಲ, ತಿಂಡಿಯೂ ಆಗುತ್ತಿತ್ತು.

ಹಳೇ ಡ್ರಾಫ್ಟರ್
ಅದರ ಮೇಲೆ ಕಂಪ್ಯೂಟರ್ ಒಂದೇ, ಟರ್ಮಿನಲ್ ನಾಲ್ಕು. ಮಧ್ಯಾಹ್ನ ಸಂಬಳದ ಪ್ರೋಗ್ರಾಂ ಓಡಿಸಿದರೆ ನಮ್ಮ ಗೆರೆ ಅರ್ಧದಲ್ಲೇ ನಿಲ್ಲುತ್ತಿತ್ತು. ಹ್ಯಾಚಿಂಗ್ ನಾವು ಕೊನೆಗೇ ಹಾಕುತ್ತಿದ್ದೆವು. ಈಗಲೂ ಮೊಮ್ಮಗನಿಗೆ ಡ್ರಾಯಿಂಗ್ ಹೇಳಿಕೊಡುವಾಗ "ಹ್ಯಾಚಿಂಗ್ ಕೊನೆಗೆ" ಅಂತಲೇ ಹೇಳುತ್ತೇನೆ.

ಮಲೆನಾಡ ಮಳೆ
ಆಟೋಕ್ಯಾಡ್‌ನಲ್ಲಿ ರೀಡ್ರಾ ಅನ್ನುವ ಕಮಾಂಡ್ ಇದೆಯಲ್ಲ, ಅದು ಈ ಗಾಜಿನ ಕಾಲದ ಪಳೆಯುಳಿಕೆ ಅನ್ನಿಸುತ್ತೆ.

ಬಿಟ್ಟು ಬೈಟು
ಒಪ್ಪುವುದಿಲ್ಲ. ಆಟೋಕ್ಯಾಡ್ 1982ರದ್ದು, ಹುಟ್ಟಿದ್ದೇ ಪಿಸಿಯ ರಾಸ್ಟರ್ ಪರದೆಗೆ. ಮೌಸ್ ಒತ್ತಿದ ಕಡೆ ಬೀಳುತ್ತಿದ್ದ ಸಣ್ಣ ಪ್ಲಸ್ ಗುರುತುಗಳನ್ನು, ಅಳಿಸಿದಾಗ ಉಳಿದ ತೂತುಗಳನ್ನು ಸರಿಮಾಡಲು ರೀಡ್ರಾ ಬೇಕಿತ್ತು.

ಮಿಚಿಗನ್ ಕನ್ನಡಿಗ
ಕಾರಣ ಬೇರೆ ಇರಬಹುದು, ಬಿಟ್ಟು ಅವರೇ. ಆದರೆ ಆಗ ಕ್ಯಾಡ್ (ಕಂಪ್ಯೂಟರಿನಲ್ಲಿ ಡಿಸೈನ್) ಕಲಿತಿದ್ದ ಇಂಜಿನಿಯರಿಗೆ ರೀಪೇಂಟ್ ಅನ್ನುವ ಪದ ಆಗಲೇ ಬಾಯಲ್ಲಿತ್ತು. ಕಂಪ್ಯೂಟರ್‌ವಿಷನ್, ಅಪ್ಲಿಕಾನ್ ಕಂಪನಿಗಳೆರಡೂ 1969ರಲ್ಲಿ ಶುರುವಾಗಿ ಟೆಕ್ಟ್ರಾನಿಕ್ಸ್ ಗಾಜನ್ನೇ ನಂಬಿ ಬೆಳೆದವು. ಆ ಅಭ್ಯಾಸ ಇದ್ದವರೇ ಪಿಸಿಗೆ ಬಂದದ್ದು. ಪದ, ನಿರೀಕ್ಷೆ ಎರಡೂ ಜೊತೆಗೇ ಬಂದವು ಅಂತ ನನ್ನ ನಂಬಿಕೆ.

ಬಿಟ್ಟು ಬೈಟು
ಪದದ ಮಟ್ಟಿಗೆ ಸರಿ. ಕೋಡ್ ಮಟ್ಟಿಗೆ ನನ್ನ ಮಾತೇ ಸರಿ.

ಶಿರಸಿ ಹುಡುಗಿ
ಇದಕ್ಕೆಲ್ಲ ಮೂಲ ಸ್ಕೆಚ್‌ಪ್ಯಾಡ್ ಅನ್ನುವ ಡ್ರಾಯಿಂಗ್ ಪ್ರೋಗ್ರಾಂ ಅಲ್ವಾ? ಅದೂ ವೆಕ್ಟರ್ ಡಿಸ್‌ಪ್ಲೇ ತಾನೆ?

ಕರೆಂಟ್ ಮೇಷ್ಟ್ರು
ಇವಾನ್ ಸದರ್‌ಲ್ಯಾಂಡ್ 1963ರಲ್ಲಿ ಎಂಐಟಿಗೆ ಕೊಟ್ಟ ಪಿಎಚ್‌ಡಿ ಕೆಲಸ ಅದು. ಲಿಂಕನ್ ಲ್ಯಾಬೊರೇಟರಿಯ ಟಿಎಕ್ಸ್-2 ಮಷೀನಿನಲ್ಲಿ ಮಾಡಿದ್ದು. ಅದರ ಪರದೆ ಗೆರೆ ಎಳೆಯುತ್ತಿರಲಿಲ್ಲ, ಚುಕ್ಕೆ ಇಡುತ್ತಿತ್ತು. ಸೆಕೆಂಡಿಗೆ ಸುಮಾರು 1,00,000 ಚುಕ್ಕೆ. ಗೆರೆಯನ್ನು ಚುಕ್ಕೆಗಳಾಗಿ ಒಡೆಯುವುದು ಪ್ರೋಗ್ರಾಂ ಕೆಲಸ. ಸೆಕೆಂಡಿಗೆ 30 ಸಲ ತೋರಿಸಬೇಕು ಅಂದರೆ ಒಂದು ಸುತ್ತಿಗೆ ಸಿಗುವುದು 3,300 ಚುಕ್ಕೆ ಮಾತ್ರ. ಅಷ್ಟರಲ್ಲೇ ಅವರು ಸೇತುವೆಯ ಚೌಕಟ್ಟು ಬರೆದರು. ಎರಡು ಗೆರೆ ಸಮಾನಾಂತರ ಇರಲಿ ಅಂತ ಹೇಳಿದರೆ ಮಷೀನೇ ಅವನ್ನು ಸರಿಹೊಂದಿಸುವ ಹಾಗೆ ಮಾಡಿದರು. ಹೊಸ ಡಿಸೈನರ್ ಅವರು ದಿನಾ ಸ್ಕೆಚ್‌ನಲ್ಲಿ ಕನ್‌ಸ್ಟ್ರೇಂಟ್ ಹಾಕುತ್ತಾರಲ್ಲ, ಅದು ಅಲ್ಲಿಂದಲೇ ಬಂದದ್ದು.

ಮಿಚಿಗನ್ ಕನ್ನಡಿಗ
ಅದೇ ಹೊತ್ತಿಗೆ ಇಲ್ಲಿ ಜನರಲ್ ಮೋಟರ್ಸ್‌ನವರು ಐಬಿಎಂ ಜೊತೆ ಸೇರಿ ಡ್ಯಾಕ್-1 ಅನ್ನುವ ಡಿಸೈನ್ ವ್ಯವಸ್ಥೆ ಮಾಡುತ್ತಿದ್ದರು. 1964ರಲ್ಲಿ ಹೊರಜಗತ್ತಿಗೆ ತೋರಿಸಿದರು. ಕಾರಿನ ಮೈಯ ವಕ್ರಗೆರೆಗಳು ಅವರ ಗುರಿ. ಎಲ್ಲರೂ ಸ್ಕೆಚ್‌ಪ್ಯಾಡ್ ಒಂದನ್ನೇ ಹೇಳುತ್ತಾರೆ, ಡ್ಯಾಕ್-1 ಮರೆಯುತ್ತಾರೆ. ನನಗೆ ಅದು ಬೇಸರ. ಲಾಕ್‌ಹೀಡ್‌ನವರು 2250 ಮೇಲೆ ಕಟ್ಟಿದ ಡ್ರಾಯಿಂಗ್ ಪ್ರೋಗ್ರಾಂ ಕ್ಯಾಡಂ ಕೂಡ ಹಾಗೇ. ಫ್ರಾನ್ಸಿನ ದಸೋ ಕಂಪನಿ 1970ರ ದಶಕದ ಮಧ್ಯದಲ್ಲಿ ಅದನ್ನು ಕೊಂಡು ಬಳಸಿತು. ಆಮೇಲೆ 3ಡಿ ಬೇಕಾದಾಗ ತಾನೇ ಬರೆದುಕೊಂಡದ್ದೇ ಕಟಿಯಾ.

ಮಲೆನಾಡ ಮಳೆ
ವಿಷಯ ಬಿಟ್ಟು ಹೇಳುತ್ತೇನೆ, ಕ್ಷಮಿಸಿ. ವೆಕ್ಟರ್ ಪರದೆಯ ಅಂದ ನೋಡಬೇಕಾದರೆ 1979ರ ಆಸ್ಟರಾಯ್ಡ್ಸ್ ಗೇಮಿನ ಅಸಲಿ ಮಷೀನ್ ನೋಡಿ. ಆ ಗುಂಡಿನ ಚುಕ್ಕೆಯ ಹೊಳಪು ಯಾವ ಎಲ್‌ಇಡಿಯಲ್ಲೂ ನಾನು ಕಂಡಿಲ್ಲ. ಕಿರಣ ಒಂದೇ ಜಾಗದಲ್ಲಿ ನಿಂತು ಹೊಡೆಯುತ್ತದೆ.

ಟರ್ಮಿನಲ್ ಪ್ರೇಮಿ
ಹೊಸ ಡಿಸೈನರ್ ಅವರೇ, ಮಾವನಿಗೆ ಒಂದು ತೋರಿಸಿ. ಲಿನಕ್ಸ್ ಇದ್ದರೆ ಎಕ್ಸ್‌ಟರ್ಮ್ ಪ್ರೋಗ್ರಾಂ ತೆರೆಯುವಾಗ ಮೈನಸ್ ಟಿ ಅಂತ ಕೊಡಿ. ಅದರೊಳಗೆ ಟೆಕ್ಟ್ರಾನಿಕ್ಸ್ 4014ರ ನಕಲು ಈಗಲೂ ಇದೆ. ಗ್ರಾಫ್ ಬರೆಯುವ ಗ್ನೂಪ್ಲಾಟ್‌ಗೂ ಆ ಭಾಷೆ ಬರುತ್ತದೆ.

ಹೊಸ ಡಿಸೈನರ್
ನಿನ್ನೆ ತೋರಿಸಿದೆ! ಮಾವ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದರು. "ಗೆರೆ ಸರಿ ಇದೆ. ಆದರೆ ಇಷ್ಟು ಬೇಗ ಬರಬಾರದು. ಅಳಿಸಿದಾಗ ಮಿಂಚಬೇಕು, ಇದು ಮಿಂಚಲಿಲ್ಲ" ಅಂದರು. ಆಮೇಲೆ ಎದ್ದು ಹೋಗಿ ಟ್ರಂಕಿನಿಂದ ಒಂದು ಹಾಳೆ ತಂದರು. ಪರದೆಯಲ್ಲಿದ್ದದ್ದನ್ನು ಹಾಗೇ ತೆಗೆದ ಕಾಪಿ ಅಂತೆ. ನುಣುಪಾದ, ಸ್ವಲ್ಪ ಬೂದು ಬಣ್ಣದ ಕಾಗದ. ಅಂಚು ಕಂದಾಗಿದೆ. ಹಾಳಾಗದಿರಲಿ ಅಂತ ಲ್ಯಾಮಿನೇಷನ್‌ಗೆ ಕೊಟ್ಟಿದ್ದೇನೆ.

ಹಳೇ ಡ್ರಾಫ್ಟರ್
ತಕ್ಷಣ ವಾಪಸ್ ತನ್ನಿ! ಅದು ಡ್ರೈ ಸಿಲ್ವರ್ ಪೇಪರ್ ಇರಬೇಕು. ಹಾರ್ಡ್‌ಕಾಪಿ ಮಷೀನ್ ಅದರ ಮೇಲೆ ಬೆಳಕಿನಿಂದ ಬರೆದು, ಬಿಸಿ ಮಾಡಿ ಚಿತ್ರ ಮೂಡಿಸುತ್ತಿತ್ತು. ಲ್ಯಾಮಿನೇಷನ್ ಬಿಸಿಗೆ ಇಡೀ ಹಾಳೆ ಕಪ್ಪಾಗುತ್ತದೆ. ಬಿಸಿಲಿಗೂ ಇಡಬೇಡಿ.

ಕರೆಂಟ್ ಮೇಷ್ಟ್ರು
ಅವರ ಮಾತು ಕೇಳಿ, ಈಗಲೇ ಓಡಿ. ತಂದ ಮೇಲೆ ಒಂದೇ ಸಲ ಸ್ಕ್ಯಾನ್ ಮಾಡಿ, ಕಪ್ಪು ಕವರಿನಲ್ಲಿ ತಂಪಾದ ಜಾಗದಲ್ಲಿ ಇಡಿ.

ಹೊಸ ಡಿಸೈನರ್
ತಂದೆ ಸರ್. ಅಂಗಡಿಯವರು ಇನ್ನೂ ಹಾಕಿರಲಿಲ್ಲ, ನನ್ನ ಮುಂದೆ ಇಬ್ಬರ ಮಾರ್ಕ್ಸ್ ಕಾರ್ಡ್ ಇದ್ದವು. ಸ್ಕ್ಯಾನ್ ಆಯಿತು, ರಾತ್ರಿ ಇಲ್ಲಿ ಹಾಕುತ್ತೇನೆ. ಗೇರ್‌ಬಾಕ್ಸ್ ಮುಚ್ಚಳದ ಡ್ರಾಯಿಂಗ್. ಬಲಗಡೆ ಎರಡು ಗೆರೆ ಮೇಲೆ ಕತ್ತರಿ ಗುರುತು ಹಾಗೇ ಇದೆ, ರೀಪೇಂಟ್ ಕೊಡದೆ ಕಾಪಿ ತೆಗೆದಿದ್ದಾರೆ. ಯಾಕೆ ಅಂತ ಮಾವನನ್ನು ಕೇಳಿದೆ. "ಅವತ್ತು ಐದೂವರೆ ಬಸ್ಸು ಹಿಡಿಯಬೇಕಿತ್ತು" ಅಂದರು.